ಬಯಲುಸೀಮೆಯ ಕೆರೆಯ ಜಮಾಖರ್ಚು

ಉಷ್ಣದ ಪಾಠ ಮುಗಿದ ಒಂದು ದಿನ, ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದನು. ಅವನ ಊರಿನಲ್ಲಿ ಹಳೆಯ ಕೆರೆಯೊಂದುಂಟು. ಮಳೆಗಾಲದಲ್ಲಿ ತುಂಬುತ್ತದೆ, ಚೈತ್ರ ಬರುವ ಹೊತ್ತಿಗೆ ಬಿರುಕುಬಿಟ್ಟ ಕಪ್ಪು ನೆಲವಷ್ಟೇ ಉಳಿಯುತ್ತದೆ. ಊರಿನವರಲ್ಲಿ ಎರಡು ಪಕ್ಷಗಳಾಗಿವೆ. ಇಡೀ ಕೆರೆಯನ್ನು ಯಂತ್ರದಿಂದ ಒಂದೇ ಸಮನಾಗಿ ಪೆಟ್ಟಿಗೆಯಂತೆ ಅಗೆಸಬೇಕೆಂಬುದು ಒಂದು ಪಕ್ಷ. ವರ್ಷ ವರ್ಷವೂ ಒಣಗುವ ಕೆರೆಯಿಂದ ಪ್ರಯೋಜನವಿಲ್ಲ, ಆ ನೆಲವನ್ನು ಬೇರೆ ಕೆಲಸಕ್ಕೆ ಬಳಸಬೇಕೆಂಬುದು ಇನ್ನೊಂದು ಪಕ್ಷ. ಈ ನಡುವೆ ಅವನು ಅಮೆರಿಕದ ಪ್ರೇರಿ ಬಯಲಿನ ವಿಚಾರವನ್ನು ಓದಿದ್ದನು. ಅಲ್ಲಿ ಸಾವಿರಾರು ಸಣ್ಣ ಕೆರೆಗಳಿವೆ, ಅವುಗಳಲ್ಲಿ ಬಹಳಷ್ಟು ಪ್ರತಿ ವರ್ಷ ಒಣಗುತ್ತವೆ, ಆದರೂ ಅವನ್ನು ಕಾನೂನು ಮಾಡಿ, ಹಣ ಕೊಟ್ಟು ಕಾಯುತ್ತಾರೆ. “ಒಣಗುವ ಕೆರೆಯನ್ನು ಕಾಯುವುದೇಕೆ?” ಎಂಬುದು ಅವನ ಪ್ರಶ್ನೆ.

ಆ ಹೊತ್ತಿಗೆ ನನಗೆ ತೃಪ್ತಿಕರವಾದ ಉತ್ತರ ಹೊಳೆಯಲಿಲ್ಲ. ಅನಂತರ ಕುಳಿತು ಲೆಕ್ಕ ಹಾಕಿದಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ನಿರೂಪಿಸಿದ್ದೇನೆ. ಪ್ರೌಢಶಾಲೆಯ ಭೌತಶಾಸ್ತ್ರವೇ ಇದಕ್ಕೆ ಸಾಕು.

ಎರಡು ಬಯಲುಗಳು

ಉತ್ತರ ಅಮೆರಿಕದ ನಡುಭಾಗದಲ್ಲಿ ಕೆನಡಾದ ಆಲ್ಬರ್ಟ, ಸಸ್ಕಾಚೆವಾನ್, ಮ್ಯಾನಿಟೋಬ ಪ್ರಾಂತಗಳಿಂದ ಹಿಡಿದು ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಮತ್ತು ದಕ್ಷಿಣ ಡಕೋಟ, ಮಿನಸೋಟ, ಅಯೋವ ಸಂಸ್ಥಾನಗಳವರೆಗೆ, ಸುಮಾರು 7 ಲಕ್ಷ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದ ಒಂದು ಪ್ರದೇಶವುಂಟು. ಹಿಂದಿನ ಹಿಮಯುಗದಲ್ಲಿ ಇದರ ಮೇಲೆ ಬೃಹತ್ತಾದ ಹಿಮದ ಹಾಸು ಹೊದ್ದುಕೊಂಡಿತ್ತು. ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ ಆ ಹಿಮವು ಕರಗಿ ಹಿಂದೆ ಸರಿದಾಗ, ಅದು ಹೊತ್ತು ತಂದಿದ್ದ ಮಣ್ಣು ಕಲ್ಲುಗಳು ಏರುತಗ್ಗಾಗಿ ಹರಡಿಕೊಂಡವು. ಮಣ್ಣಿನಲ್ಲಿ ಹೂತುಹೋಗಿದ್ದ ಹಿಮದ ಗಡ್ಡೆಗಳು ಕರಗಿದ ಕಡೆ ಕುಳಿಗಳಾದವು. ಈ ಕುಳಿಗಳೇ ಇಂದಿನ ಪ್ರೇರಿಯ ಹೊಂಡಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಒಳಬರುವ ಹೊಳೆಯೂ ಇಲ್ಲ, ಹೊರಹೋಗುವ ಹೊಳೆಯೂ ಇಲ್ಲ.

ಇನ್ನು ನಮ್ಮ ಬಯಲನ್ನು ನೋಡೋಣ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ತಾಲ್ಲೂಕುಗಳ ನೆಲದಡಿ ಇರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾರಸ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆ. ಜೇವರ್ಗಿಯ ಕಡೆಗೆ ಬರುತ್ತ ಶಹಾಬಾದ್ ಕಲ್ಲೆಂದು ನಾವು ಮನೆಗೆ ಹಾಸುವ ಸುಣ್ಣಕಲ್ಲಿನ ಪದರಗಳೂ ಕಾಣಿಸುತ್ತವೆ. ಬಸಾಲ್ಟ್ ಸವೆದು ಆದ ಎರೆಮಣ್ಣು ಈ ಸೀಮೆಯ ಸಂಪತ್ತು. ತೊಗರಿ, ಜೋಳ, ಕಡಲೆಗಳು ಇದರ ಫಲ. ಭೀಮಾ ನದಿಯು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ಹಾದು ಹೋಗುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ನದಿಗೆ ಕೋರಳ್ಳಿಯಲ್ಲಿ ಅಣೆಕಟ್ಟು ಕಟ್ಟಿದೆ. ಮುಂದೆ ಅದು ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಅಡ್ಡಲಾಗಿ ಬ್ಯಾರೇಜು ಇದೆ.

ಇಲ್ಲಿ ಹಿಮ ಬಂದು ಕುಳಿ ತೋಡಲಿಲ್ಲ. ಆದುದರಿಂದ ನಮ್ಮ ಕೆರೆಗಳು ನಿಸರ್ಗದ ಕೃತಿಗಳಲ್ಲ, ಮನುಷ್ಯನ ಕೃತಿಗಳು. ಇಳಿಜಾರಿನ ನೆಲದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ನೀರನ್ನು ತಡೆದು, ತೂಬಿನ ಮೂಲಕ ಗದ್ದೆಗೆ ಬಿಟ್ಟು, ಹೆಚ್ಚಾದುದನ್ನು ಕೋಡಿಯಿಂದ ಹರಿಯಗೊಡುವುದು ಕನ್ನಡ ನಾಡಿನ ಶತಮಾನಗಳ ವಿದ್ಯೆ. ಉತ್ಪತ್ತಿ ಬೇರೆಯಾದರೂ ಈ ಎರಡು ಬಯಲುಗಳಿಗೂ ಒಂದು ಸಾಮ್ಯವಿದೆ. ಎರಡೂ ಕಡೆ ಆಕಾಶದಿಂದ ಬೀಳುವ ನೀರಿಗಿಂತ ಆಕಾಶಕ್ಕೆ ಏರಿಹೋಗಬಲ್ಲ ನೀರೇ ಹೆಚ್ಚು. ಕೆರೆಯ ಕಥೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಬಿಸಿಲು ಕುಡಿಯುವ ನೀರು

ಒಂದು ಕಿಲೋಗ್ರಾಂ ನೀರು ಆವಿಯಾಗಬೇಕಾದರೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸುಮಾರು 24 ಲಕ್ಷ ಜೂಲುಗಳಷ್ಟು ಉಷ್ಣವನ್ನು ಹೀರಿಕೊಳ್ಳಬೇಕು. ಇದೇ ಬಾಷ್ಪೀಭವನದ ಗುಪ್ತೋಷ್ಣ. ನಮ್ಮ ಸೀಮೆಯಲ್ಲಿ ವೈಶಾಖದ ನಿರ್ಮಲವಾದ ಒಂದು ದಿನ, ಒಂದು ಚದರ ಮೀಟರ್ ನೆಲದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಬೀಳುವ ಸೂರ್ಯಶಕ್ತಿ ಸುಮಾರು 240 ಲಕ್ಷ ಜೂಲುಗಳು. ಇದೆಲ್ಲವೂ ನೀರನ್ನು ಆವಿಯಾಗಿಸುವುದಕ್ಕೇ ವ್ಯಯವಾದರೆ 10 ಕಿಲೋಗ್ರಾಂ ನೀರು ಹಾರಿಹೋಗುತ್ತದೆ. ಒಂದು ಚದರ ಮೀಟರಿನ ಮೇಲೆ 10 ಕಿಲೋಗ್ರಾಂ ನೀರೆಂದರೆ 10 ಮಿಲಿಮೀಟರ್ ದಪ್ಪದ ಪದರ.

ವಾಸ್ತವವಾಗಿ ಒಂದು ಪಾಲು ಬೆಳಕು ಪ್ರತಿಫಲಿಸುತ್ತದೆ. ಇನ್ನೊಂದು ಪಾಲು ಶಾಖವು ವಿಕಿರಣವಾಗಿ ಆಕಾಶಕ್ಕೆ ಮರಳುತ್ತದೆ. ಆದರೆ ಸುತ್ತಲಿನ ಕಾದ ಹೊಲಗಳ ಮೇಲಿಂದ ಬೀಸಿಬರುವ ಒಣಗಾಳಿಯು ತಾನೂ ಒಂದಿಷ್ಟು ಉಷ್ಣವನ್ನು ತಂದುಕೊಡುತ್ತದೆ. ಈ ಕೂಡು ಕಳೆಗಳನ್ನೆಲ್ಲ ಗಣಿಸಿ, ಬೇಸಗೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ.

ಇದು ಅಲ್ಪವೆಂದು ತೋರಬಹುದು. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅದರ ಮೇಲೆ 7 ಮಿಲಿಮೀಟರ್ ನೀರೆಂದರೆ 70 ಘನಮೀಟರ್, ಅಂದರೆ 70,000 ಲೀಟರ್. ತಲೆಗೆ 70 ಲೀಟರಿನಂತೆ ಸಾವಿರ ಜನರಿರುವ ಹಳ್ಳಿಗೆ ಒಂದು ದಿನಕ್ಕೆ ಸಾಲುವಷ್ಟು ನೀರನ್ನು, ಕೇವಲ ಒಂದು ಹೆಕ್ಟೇರ್ ಕೆರೆಯಿಂದ, ಸೂರ್ಯನು ಪ್ರತಿದಿನವೂ ಸದ್ದಿಲ್ಲದೆ ಒಯ್ಯುತ್ತಾನೆ.

ಬೇಸಗೆಯಲ್ಲಿಯೇ ಈ ಒಯ್ಲು ಇಷ್ಟು ಹೆಚ್ಚಾಗುವುದೇಕೆ? ಕೆರೆಯ ಮೇಲ್ಮೈಯ ಉಷ್ಣತೆಯಲ್ಲಿ ಆವಿಯ ಸಂತೃಪ್ತ ಒತ್ತಡವೆಷ್ಟು, ಗಾಳಿಯಲ್ಲಿ ಆಗಲೇ ಇರುವ ಆವಿಯ ಒತ್ತಡವೆಷ್ಟು, ಇವುಗಳ ಅಂತರಕ್ಕೆ ಅನುಗುಣವಾಗಿ ನೀರು ಆವಿಯಾಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 19ನೆಯ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟ ನಿಯಮವಿದು. ಮೇ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 20 ಎಂದು ಭಾವಿಸಿದರೆ, ಅದರಲ್ಲಿನ ಆವಿಯ ಒತ್ತಡ ಪಾದರಸದ 11 ಮಿಲಿಮೀಟರ್. 28 ಡಿಗ್ರಿಯ ನೀರಿನ ಮೇಲ್ಮೈಯಲ್ಲಿ ಸಂತೃಪ್ತ ಒತ್ತಡ 28 ಮಿಲಿಮೀಟರ್. ಅಂತರ 17. ಆಗಸ್ಟಿನ ಮೋಡ ಕವಿದ ದಿನ ಗಾಳಿಯೂ ನೀರೂ 26 ಡಿಗ್ರಿಯಲ್ಲಿದ್ದು, ಆರ್ದ್ರತೆ ನೂರಕ್ಕೆ 80 ಇದ್ದರೆ, ಆ ಅಂತರ ಸುಮಾರು 5. ಮೇ ತಿಂಗಳ ಸೆಳೆತವು ಆಗಸ್ಟಿನ ಸೆಳೆತದ ಮೂರು ಪಟ್ಟಿಗಿಂತಲೂ ಹೆಚ್ಚು ಎಂದಾಯಿತು. ಗಾಳಿಯ ವೇಗವು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಕೆರೆಗೆ ಬೇಕಾದ ನೆಲ

ಈಗ ವರ್ಷದ ಜಮಾಖರ್ಚನ್ನು ಬರೆಯೋಣ. ತೆರೆದ ನೀರಿನಿಂದ ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 2 ಮೀಟರ್ ಆಳದ ನೀರು ಆವಿಯಾಗುತ್ತದೆ. ಮಳೆಯಿಂದ ನೇರವಾಗಿ ಕೆರೆಯ ಮೇಲೆ ಬೀಳುವುದು ಮುಕ್ಕಾಲು ಮೀಟರಿನಷ್ಟು. ಉಳಿದ ಒಂದೂಕಾಲು ಮೀಟರ್ ನೀರು ಸುತ್ತಲಿನ ನೆಲದಿಂದ ಹರಿದುಬರಬೇಕು. ಬಿದ್ದ ಮಳೆಯಲ್ಲಿ ಹತ್ತನೆಯ ಒಂದು ಪಾಲು ಕೆರೆಗೆ ಹರಿದುಬರುತ್ತದೆಂದು ಎಣಿಸಿದರೆ, ಜಲಾನಯನದ ಪ್ರತಿ ಚದರ ಮೀಟರಿನಿಂದಲೂ ದೊರೆಯುವುದು 75 ಮಿಲಿಮೀಟರ್. ಒಂದೂಕಾಲು ಮೀಟರನ್ನು 75 ಮಿಲಿಮೀಟರಿನಿಂದ ಭಾಗಿಸಿದರೆ ಬರುವ ಸಂಖ್ಯೆ ಸುಮಾರು 17. ಅಂದರೆ ಒಂದು ಹೆಕ್ಟೇರ್ ಕೆರೆಯು ವರ್ಷವಿಡೀ ನೀರಿನಿಂದಿರಬೇಕಾದರೆ 17 ಹೆಕ್ಟೇರ್ ನೆಲವು ಅದಕ್ಕಾಗಿ ಮಳೆಯ ಕಾಣಿಕೆಯನ್ನು ಕೊಡಬೇಕು. ಇದು ಸೂರ್ಯನ ಪಾಲಿಗೆ ಮಾತ್ರ. ಬೆಳೆಗೆ, ದನಕರುಗಳಿಗೆ, ಇಂಗುವಿಕೆಗೆ ಬೇಕಾದುದು ಬೇರೆ.

ಈ ಲೆಕ್ಕದಿಂದ ಒಂದು ಮುಖ್ಯವಾದ ತತ್ತ್ವ ಹೊರಡುತ್ತದೆ. ಕೆರೆಯೆಂದರೆ ನೀರು ನಿಂತ ಜಾಗವಷ್ಟೇ ಅಲ್ಲ. ಅದಕ್ಕೆ ನೀರನ್ನು ಕಳುಹಿಸುವ ಹೊಲ, ಹುಲ್ಲುಗಾವಲು, ಹಳ್ಳ, ಕಾಲುವೆಗಳೆಲ್ಲವೂ ಕೆರೆಯೇ. ದಾರಿಯಲ್ಲಿ ಒಂದು ರಸ್ತೆಯ ದಿಬ್ಬವೋ ಮುಚ್ಚಿಹೋದ ಹಳ್ಳವೋ ಅಡ್ಡಬಂದರೆ, ಕೆರೆಯನ್ನು ಮುಟ್ಟದೆಯೇ ಅದನ್ನು ಕೊಂದಂತಾಗುತ್ತದೆ.

ನೆಲದಡಿಯ ನೀರಿಗೂ ಇದೇ ಮಾತು ಸಲ್ಲುತ್ತದೆ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಪ್ರೇರಿಯಲ್ಲಿ ಶೈಯೆನ್ ಬಾಟಮ್ಸ್ ಎಂಬ ವಿಶಾಲವಾದ ಜೌಗುಭೂಮಿಯುಂಟು. ವಲಸೆಯ ಹಕ್ಕಿಗಳಿಗೆ ಅದು ಹೆಸರಾಂತ ತಂಗುದಾಣ. ಅದಕ್ಕೆ ನೀರೂಡುವ ವಾಲ್ನಟ್ ಎಂಬ ಹೊಳೆಯ ಕಣಿವೆಯಲ್ಲಿ ರೈತರು ಕೊಳವೆ ಬಾವಿಗಳಿಂದ ನೀರೆತ್ತುತ್ತ ಹೋದಂತೆ ಹೊಳೆಯು ಬಡವಾಯಿತು. ಕೊನೆಗೆ 1992ರಲ್ಲಿ ಆ ಸಂಸ್ಥಾನದ ಜಲಾಧಿಕಾರಿಗಳು ಕಣಿವೆಯ ಅಂತರ್ಜಲದ ಬಳಕೆಗೆ ಮಿತಿಯನ್ನು ವಿಧಿಸಬೇಕಾಯಿತು. ಬಾವಿಯ ನೀರೂ ಕೆರೆಯ ನೀರೂ ಒಂದೇ ಖಾತೆಯ ಎರಡು ಪುಟಗಳೆಂಬುದಕ್ಕೆ ಇದು ನಿದರ್ಶನ.

ಎರೆಮಣ್ಣಿಗೆ ಒಂದು ವಿಶೇಷ ಗುಣವುಂಟು. ಅದರಲ್ಲಿನ ಜೇಡಿಯ ಕಣಗಳು ತೆಳುವಾದ ಹಾಳೆಗಳಂತಿದ್ದು, ನೀರು ಸೋಕಿದೊಡನೆ ಹಾಳೆಗಳ ನಡುವೆ ನೀರನ್ನು ಸೆಳೆದುಕೊಂಡು ಉಬ್ಬುತ್ತವೆ. ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಮೊದಲ ಮಳೆಯ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಕೆಲವು ಮಳೆಗಳಾದ ಮೇಲೆ ಬಿರುಕುಗಳು ಮುಚ್ಚಿ ಕೆರೆಯ ತಳವು ತಾನಾಗಿಯೇ ಗಾರೆ ಹಚ್ಚಿದಂತಾಗುತ್ತದೆ. ಒಣಗಿದ ಕೆರೆಯು ಮಳೆಗಾಲದ ಆರಂಭದಲ್ಲಿ ಬಾವಿಗಳಿಗೆ ನೀರೂಡುತ್ತದೆ. ತುಂಬಿದ ಮೇಲೆ ನೀರನ್ನು ಹಿಡಿದಿಡುತ್ತದೆ.

ಆಳವೋ ಹರವೋ?

ಎರಡು ಕೆರೆಗಳನ್ನು ಕಲ್ಪಿಸಿಕೊಳ್ಳಿ. ಒಂದರ ಹರವು 4 ಹೆಕ್ಟೇರ್, ಆಳ 1 ಮೀಟರ್. ಇನ್ನೊಂದರ ಹರವು 1 ಹೆಕ್ಟೇರ್, ಆಳ 4 ಮೀಟರ್. ಎರಡರಲ್ಲಿಯೂ ಇರುವ ನೀರು ಸಮಾನ: 40,000 ಘನಮೀಟರ್. ದಿನಕ್ಕೆ 7 ಮಿಲಿಮೀಟರಿನಂತೆ ಆವಿಯಾಗುತ್ತ ಹೋದರೆ ಮೊದಲನೆಯದು 143 ದಿನಗಳಲ್ಲಿ ಬರಿದಾಗುತ್ತದೆ. ಎರಡನೆಯದು 571 ದಿನಗಳವರೆಗೆ ಉಳಿಯುತ್ತದೆ. ನೀರನ್ನು ಕೂಡಿಡುವುದೊಂದೇ ಉದ್ದೇಶವಾದರೆ ಆಳವಾದ ಕೆರೆಯೇ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ವಿದ್ಯಾರ್ಥಿಯ ಊರಿನ ಮೊದಲನೆಯ ಪಕ್ಷದವರ ವಾದಕ್ಕೆ ಆಧಾರ ಇದೇ.

ಆದರೆ ಇನ್ನೊಂದು ಕಡೆಯನ್ನು ನೋಡಬೇಕು. ಮೆಟ್ಟುಗಾಲು ಹಕ್ಕಿಯು ತನ್ನ ನೀಳವಾದ ಕೆಂಪು ಕಾಲುಗಳ ಮೇಲೆ ನಿಂತು ಹುಳುಗಳನ್ನು ಹೆಕ್ಕಬೇಕಾದರೆ ಗೇಣುದ್ದದ ನೀರು ಬೇಕು. ಬೆಳ್ಳಕ್ಕಿಗೂ ಅಷ್ಟೇ. ತಲೆಯನ್ನು ನೀರಿನಲ್ಲಿ ಮುಳುಗಿಸಿ ಬಾಲವನ್ನೆತ್ತಿ ಮೇಯುವ ಬಾತುಗಳಿಗೆ ಕತ್ತಿನ ಉದ್ದಕ್ಕಿಂತ ಹೆಚ್ಚಿನ ಆಳವು ನಿಷ್ಪ್ರಯೋಜಕ. ಬೆಳಕು ತಳವನ್ನು ಮುಟ್ಟುವ ಕಡೆಯಲ್ಲಿ ಮಾತ್ರ ನೀರಗಿಡಗಳು ಬೇರೂರುತ್ತವೆ. ನಮ್ಮ ಕೆರೆಗಳ ಕಲಕಿದ ನೀರಿನಲ್ಲಿ ಬೆಳಕು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ನಾಲ್ಕು ಮೀಟರ್ ಆಳದ, ನೆಟ್ಟನೆಯ ಅಂಚುಗಳ ಹೊಂಡವು ನೀರಿನ ತೊಟ್ಟಿಯಾದೀತೇ ಹೊರತು ಜೀವಿಗಳ ನೆಲೆಯಾಗಲಾರದು. ಅದರಲ್ಲಿ ಇಳಿದ ಎಮ್ಮೆಗೂ ಮಕ್ಕಳಿಗೂ ಮೇಲೆ ಬರಲು ಮೆಟ್ಟಿಲಿರುವುದಿಲ್ಲ ಎಂಬುದನ್ನೂ ಮರೆಯಬಾರದು.

ಹಾಗಾದರೆ ಮನುಷ್ಯನಿಗೆ ಆಳ, ಹಕ್ಕಿಗೆ ಹರವು, ಇವೆರಡಕ್ಕೂ ವಿರೋಧವೇ? ನಮ್ಮ ಹಿರಿಯರು ಕಟ್ಟಿದ ಕೆರೆಯ ಆಕಾರದಲ್ಲಿಯೇ ಉತ್ತರವಿದೆ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿದರೆ ಏರಿಯ ಬುಡದಲ್ಲಿ ನೀರು ಆಳವಾಗಿಯೂ, ಹಿಂದಕ್ಕೆ ಹೋದಂತೆ ಕ್ರಮೇಣ ತೆಳುವಾಗಿಯೂ ನಿಲ್ಲುತ್ತದೆ. ಒಂದೇ ಕೆರೆಯಲ್ಲಿ ತೊಟ್ಟಿಯೂ ಉಂಟು, ಜೌಗೂ ಉಂಟು. ನೀರು ಇಳಿಯುತ್ತ ಹೋದಂತೆ ತೆಳುನೀರಿನ ಅಂಚು ದಿನದಿನಕ್ಕೂ ಏರಿಯ ಕಡೆಗೆ ಸರಿಯುತ್ತದೆ. ಅದರ ಹಿಂದೆಯೇ ಹೊಸ ಕೆಸರನ್ನು ಹುಡುಕುತ್ತ ಹಕ್ಕಿಗಳೂ ಸರಿಯುತ್ತವೆ.

ಒಣಗುವುದೂ ಒಂದು ಗುಣ

ಈಗ ವಿದ್ಯಾರ್ಥಿಯ ಪ್ರಶ್ನೆಯ ತಿರುಳಿಗೆ ಬರೋಣ. ನೀರು ಒಂದು ವಿಚಿತ್ರ ದ್ರವ. ತಣ್ಣಗಾದಂತೆ ಅದರ ಸಾಂದ್ರತೆಯು 4 ಡಿಗ್ರಿಯವರೆಗೆ ಹೆಚ್ಚುತ್ತದೆ. ಅಲ್ಲಿಂದ ಕೆಳಗೆ ಮತ್ತೆ ಕಡಮೆಯಾಗುತ್ತದೆ. ಆದುದರಿಂದ ಚಳಿನಾಡಿನ ಆಳವಾದ ಸರೋವರಗಳಲ್ಲಿ ಹಿಮವು ಮೇಲೆ ತೇಲಿ, 4 ಡಿಗ್ರಿಯ ನೀರು ತಳದಲ್ಲಿ ಉಳಿದು, ಮೀನುಗಳು ಚಳಿಗಾಲವನ್ನು ಕಳೆಯುತ್ತವೆ. ಆದರೆ ಪ್ರೇರಿಯ ಹೊಂಡಗಳು ತೆಳುವಾದುವು. ಚಳಿಗಾಲದಲ್ಲಿ ಅವು ಬಹುಮಟ್ಟಿಗೆ ಹೆಪ್ಪುಗಟ್ಟುತ್ತವೆ. ಹಿಮದ ಕೆಳಗೆ ಉಳಿದ ಅಲ್ಪ ನೀರಿನಲ್ಲಿ ಆಮ್ಲಜನಕವು ತೀರಿಹೋಗುತ್ತದೆ. ಮೀನುಗಳು ಬದುಕಲಾರವು. ಮೀನಿಲ್ಲದ ನೀರಿನಲ್ಲಿ ಕೀಟಗಳೂ ಸಿಗಡಿಯ ಜಾತಿಯ ಸೂಕ್ಷ್ಮಜೀವಿಗಳೂ ಯಥೇಚ್ಛವಾಗಿ ಹೆಚ್ಚುತ್ತವೆ. ವಸಂತದಲ್ಲಿ ಎಲ್ಲಕ್ಕಿಂತ ತೆಳುವಾದ ಹೊಂಡಗಳು ಎಲ್ಲಕ್ಕಿಂತ ಮೊದಲು ಕಾಯುತ್ತವೆ. ದೂರದಿಂದ ದಣಿದು ಬಂದ ಬಾತುಗಳಿಗೆ, ಮೊಟ್ಟೆಯಿಡಲು ಬೇಕಾದ ಪುಷ್ಟಿಕರ ಆಹಾರವು ಅಲ್ಲಿಯೇ ದೊರೆಯುವುದು. ಬೇಸಗೆ ಮುಗಿಯುವ ಮೊದಲೇ ಆ ಹೊಂಡಗಳು ಬತ್ತಿದರೂ ಅವುಗಳ ಕೆಲಸ ಮುಗಿದಿರುತ್ತದೆ. ಉತ್ತರ ಅಮೆರಿಕದ ಬಾತುಗಳಲ್ಲಿ ಅರ್ಧ ಪಾಲಿಗೂ ಹೆಚ್ಚು ಹುಟ್ಟುವುದು ಈ ಹೊಂಡಗಳ ನಾಡಿನಲ್ಲಿಯೇ.

ನಮ್ಮಲ್ಲಿ ಚಳಿಯು ಮಾಡದ ಕೆಲಸವನ್ನು ಬಿಸಿಲು ಮಾಡುತ್ತದೆ. ಕೆರೆ ಒಣಗಿದಾಗ ತಳದ ಕೆಸರು ಗಾಳಿಗೆ ತೆರೆದುಕೊಂಡು, ಅದರಲ್ಲಿ ಕೊಳೆಯುತ್ತಿದ್ದ ಪದಾರ್ಥಗಳು ಬೇಗನೆ ಗೊಬ್ಬರವಾಗುತ್ತವೆ. ಗಿಡಗಳ ಬೀಜಗಳೂ ಸಣ್ಣ ಜೀವಿಗಳ ಮೊಟ್ಟೆಗಳೂ ಒಣ ಮಣ್ಣಿನಲ್ಲಿ ನಿದ್ರಿಸುತ್ತಿದ್ದು, ಮೃಗಶಿರದ ಮಳೆ ಬಿದ್ದೊಡನೆ ಎಚ್ಚರಗೊಳ್ಳುತ್ತವೆ. ಮುಂಗಾರಿನ ಮೊದಲ ವಾರಗಳಲ್ಲಿ ಹೊಸನೀರಿನ ತುಂಬ ಕಪ್ಪೆಗಳ ಕೂಗು ಕೇಳಿಬರುವುದು ಈ ಎಚ್ಚರದ ಒಂದು ಅಂಗ. ಒಣಗುವಿಕೆಯು ಕೆರೆಯ ರೋಗವಲ್ಲ. ಉಸಿರಾಟದಲ್ಲಿ ಉಚ್ಛ್ವಾಸಕ್ಕೆ ನಿಶ್ವಾಸ ಹೇಗೋ ಹಾಗೆ. ರೋಗವೆಂದರೆ ಮತ್ತೆ ತುಂಬದಿರುವುದು.

ಕೋಡಿಯ ವಿಚಾರವಾಗಿಯೂ ಒಂದು ಮಾತನ್ನು ಹೇಳಬೇಕು. ಆವಿಯಾಗುವಾಗ ನೀರು ಹಾರಿಹೋಗುತ್ತದೆ, ಲವಣ ಹಿಂದುಳಿಯುತ್ತದೆ. ಹೊರದಾರಿಯಿಲ್ಲದ ಪ್ರೇರಿಯ ಕೆಲವು ಸರೋವರಗಳು ಹೀಗೆಯೇ ಉಪ್ಪಾಗಿವೆ. ಹೊರದಾರಿಯಿಲ್ಲದುದರ ಇನ್ನೊಂದು ಫಲವನ್ನು ಉತ್ತರ ಡಕೋಟದ ಡೆವಿಲ್ಸ್ ಸರೋವರದಲ್ಲಿ ಕಾಣಬಹುದು: 1993ರಿಂದ 2011ರವರೆಗೆ ಮಳೆ ಹೆಚ್ಚಾಗಿ ಅದರ ಮಟ್ಟವು 9 ಮೀಟರಿಗೂ ಮೇಲೇರಿ ಹೊಲಮನೆಗಳನ್ನು ನುಂಗಿತು. ನಮ್ಮ ಕೆರೆಗಳಲ್ಲಿ ಕೋಡಿ ಹರಿದಾಗ ಸಂಚಿತವಾದ ಲವಣವೂ ತೊಳೆದುಹೋಗುತ್ತದೆ, ಏರಿಯೂ ಉಳಿಯುತ್ತದೆ. ಕೋಡಿಯ ನೀರು ವ್ಯರ್ಥವಾಯಿತೆಂದು ಮರುಗುವವರು ಇದನ್ನು ಯೋಚಿಸಬೇಕು.

ಹೂಳಿನ ನಡೆ

ಕೆರೆಗೆ ನಿಜವಾದ ಶತ್ರು ಹೂಳು. ಮಣ್ಣಿನ ಕಣವು ನಿಂತ ನೀರಿನಲ್ಲಿ ಎಷ್ಟು ವೇಗವಾಗಿ ಇಳಿಯುತ್ತದೆಂಬುದನ್ನು ಸ್ಟೋಕ್ಸ್‌ನ ನಿಯಮದಿಂದ ಕಂಡುಹಿಡಿಯಬಹುದು. ವೇಗವು ಕಣದ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲಿ 20 ಪಾಲು ವ್ಯಾಸವುಳ್ಳ ಕಣವು 2 ಮೀಟರ್ ಆಳವನ್ನು ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಅದರ ಹತ್ತನೆಯ ಒಂದು ಪಾಲು ವ್ಯಾಸವುಳ್ಳ ಜೇಡಿಯ ಕಣದ ವೇಗವು ನೂರನೆಯ ಒಂದು ಪಾಲು. ಅದಕ್ಕೆ ಅಷ್ಟೇ ಆಳವನ್ನು ಇಳಿಯಲು ಸುಮಾರು 6 ದಿನ ಬೇಕು. ಗಾಳಿಯಿಂದ ನೀರು ಕದಡಿದರೆ ಇನ್ನೂ ತಡ.

ಹೀಗಾಗಿ ಹಳ್ಳದ ನೀರು ಕೆರೆಯನ್ನು ಹೊಕ್ಕೊಡನೆ ಮರಳು ಮತ್ತು ದಪ್ಪ ಮಣ್ಣು ಹಿಂಭಾಗದಲ್ಲಿಯೇ ಕುಸಿಯುತ್ತದೆ. ನುಣುಪಾದ ಜೇಡಿಯು ತೇಲುತ್ತ ಹೋಗಿ ಏರಿಯ ಬಳಿ ನಿಧಾನವಾಗಿ ನೆಲೆಗೊಳ್ಳುತ್ತದೆ. ಬೇಸಗೆಯಲ್ಲಿ ರೈತರು ಬಂಡಿ ಕಟ್ಟಿಕೊಂಡು ಹೋಗಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದುದುಂಟು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಒಂದೇ ಶ್ರಮಕ್ಕೆ ಎರಡು ಫಲ. ಜೇಡಿಯನ್ನು ಏರಿಯ ಬದಿಯಿಂದ ತೆಗೆದರೆ ಸಾಕು, ಹಿಂಭಾಗದ ಇಳಿಜಾರನ್ನು ಕೆಡಿಸಬೇಕಾಗಿಲ್ಲ. ಹಳ್ಳವು ಕೆರೆಯನ್ನು ಸೇರುವ ಬಾಯಲ್ಲಿ ಒಂದು ಸಣ್ಣ ಗುಂಡಿಯನ್ನೋ ಹುಲ್ಲಿನ ಪಟ್ಟಿಯನ್ನೋ ಇಟ್ಟರೆ ದಪ್ಪ ಮಣ್ಣು ಅಲ್ಲಿಯೇ ನಿಲ್ಲುತ್ತದೆ.

ಹಿಮಾಲಯವನ್ನು ದಾಟಿ ಬರುವ ಅತಿಥಿಗಳು

ನಮ್ಮ ಕೆರೆಗಳಿಗೂ ದೂರದ ನೆಂಟರುಂಟು. ಮಂಗೋಲಿಯ, ಟಿಬೆಟ್ ಮೊದಲಾದ ಕಡೆಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಕರ್ನಾಟಕಕ್ಕೆ ಬರುತ್ತವೆ. ಬೆನ್ನಿಗೆ ಕಟ್ಟಿದ ಯಂತ್ರಗಳ ನೆರವಿನಿಂದ ಇವುಗಳ ಹಾರಾಟವನ್ನು ವಿಜ್ಞಾನಿಗಳು ಅಳೆದಿದ್ದಾರೆ; 7000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ಅರ್ಧಕ್ಕಿಂತ ಕಡಮೆ. ಉಸಿರಿಗೆ ಆಮ್ಲಜನಕವೂ ಕಡಮೆ, ರೆಕ್ಕೆಗೆ ಆಧಾರವೂ ಕಡಮೆ. ಆದುದರಿಂದ ಅವು ಎತ್ತರವನ್ನು ಒಮ್ಮೆ ಏರಿ ಅಲ್ಲಿಯೇ ಉಳಿಯುವುದಿಲ್ಲ. ಪರ್ವತದ ಏರಿಳಿತವನ್ನು ಅನುಸರಿಸಿ, ಕಣಿವೆ ಬಂದಾಗ ಇಳಿದು, ಶಿಖರ ಬಂದಾಗ ಏರುತ್ತವೆ. ಗಾಳಿ ತಂಪಾಗಿ ಸಾಂದ್ರವಾಗಿರುವ ಇರುಳನ್ನೂ ನಸುಕನ್ನೂ ಹಾರಾಟಕ್ಕೆ ಆರಿಸಿಕೊಳ್ಳುವುದುಂಟು. ಅನಿಲ ನಿಯಮವನ್ನು ಓದದೆಯೇ ಅದರ ಪ್ರಯೋಜನವನ್ನು ಪಡೆದ ಜಾಣ್ಮೆಯಿದು.

ಗದಗ ಜಿಲ್ಲೆಯ ಮಾಗಡಿ ಕೆರೆಯು ಈ ಹೆಬ್ಬಾತುಗಳಿಗೆ ಪ್ರಸಿದ್ಧವಾದ ತಾಣ. ನಮಗೆ ನೆರೆಯದಾದ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಕೆರೆಯೂ ಪಕ್ಷಿಧಾಮವೆಂದು ಹೆಸರಾಗಿದೆ. 2009ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಗಮನಿಸಬೇಕಾದುದೇನೆಂದರೆ, ಇವೆರಡೂ ಮನುಷ್ಯನು ಕಟ್ಟಿದ ಕೆರೆಗಳೇ. ಮನುಷ್ಯನು ಬೆಳೆಗಾಗಿ ಕಟ್ಟಿದುದನ್ನು ಹಕ್ಕಿಯು ತನ್ನದೆಂದು ಒಪ್ಪಿಕೊಂಡಿತು.

ಕಾಯುವ ಬಗೆ

ಪ್ರೇರಿಯ ಜನರು ಮೊದಲಿನಿಂದಲೂ ವಿವೇಕಿಗಳಾಗಿದ್ದರೆಂದು ತಿಳಿಯಬೇಡಿ. ಗೋದಿ, ಮೆಕ್ಕೆಜೋಳಗಳ ಹೊಲಕ್ಕಾಗಿ ಅವರು ಹೊಂಡಗಳಿಗೆ ಕಾಲುವೆ ತೋಡಿ ನೀರನ್ನು ಬಸಿದುಬಿಟ್ಟರು. ಆ ನಾಡಿನ ಅರ್ಧಕ್ಕೂ ಹೆಚ್ಚು ಹೊಂಡಗಳು ಹೀಗೆ ನಾಶವಾದವು. ಅಯೋವದಲ್ಲಂತೂ ಬಹುತೇಕ ಎಲ್ಲವೂ ಹೋದವು. 1930ರ ದಶಕದಲ್ಲಿ ಬರಗಾಲವೂ ಧೂಳಿನ ಬಿರುಗಾಳಿಯೂ ಸೇರಿ ಬಾತುಗಳ ಸಂಖ್ಯೆ ಕುಸಿದಾಗ ಅವರ ಕಣ್ಣು ತೆರೆಯಿತು. 1934ರಲ್ಲಿ ಒಂದು ಕಾನೂನು ಬಂದಿತು: ಬಾತುಗಳನ್ನು ಬೇಟೆಯಾಡುವವನು ಮೊದಲು ಒಂದು ಮುದ್ರೆಚೀಟಿಯನ್ನು ಕೊಳ್ಳಬೇಕು. ಆ ಹಣದಿಂದ ಸರಕಾರವು ಜೌಗುಭೂಮಿಗಳನ್ನು ಕೊಂಡು ಕಾಯುತ್ತ ಬಂದಿತು. ಮೊದಲ ಚೀಟಿಯ ಚಿತ್ರವನ್ನು ಬರೆದವನು ಜೇ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರ.

1971ರ ಫೆಬ್ರುವರಿ 2ರಂದು ಇರಾನಿನ ರಾಮ್‌ಸರ್ ಎಂಬ ಊರಿನಲ್ಲಿ ಜೌಗುಭೂಮಿಗಳ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದರ ಪಟ್ಟಿಗೆ ಶೈಯೆನ್ ಬಾಟಮ್ಸ್ 1988ರಲ್ಲಿ ಸೇರಿತು. ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಗಳು ಸೇರಿದವು. ಆ ಒಪ್ಪಂದದ ವ್ಯಾಖ್ಯೆಯಂತೆ ಜೌಗುಭೂಮಿಯು ಸಹಜವಾದುದಾಗಿರಬಹುದು, ಕೃತಕವಾದುದಾಗಿರಬಹುದು, ಶಾಶ್ವತವಾಗಿರಬಹುದು, ತಾತ್ಕಾಲಿಕವಾಗಿರಬಹುದು. ಆದರೆ ನಮ್ಮ ದೇಶದ 2017ರ ಜೌಗುಭೂಮಿ ನಿಯಮಗಳು ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿ ಎಂದೇ ಮನುಷ್ಯನು ನಿರ್ಮಿಸಿದ ಜಲಾಶಯಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ನಮ್ಮ ತಾಲ್ಲೂಕುಗಳ ಸಾಮಾನ್ಯ ಕೆರೆಯು ಈ ವರ್ಗಕ್ಕೇ ಸೇರುವಂಥದು. ಹೆಸರಾಂತ ಕೆರೆಗೆ ಪಟ್ಟಿಯ ರಕ್ಷಣೆಯುಂಟು. ಹೆಸರಿಲ್ಲದ ಊರಕೆರೆಗೆ ಊರಿನವರ ತಿಳಿವಳಿಕೆಯೇ ಮುಖ್ಯವಾದ ರಕ್ಷಣೆ. ವಿದ್ಯಾರ್ಥಿಯ ಪ್ರಶ್ನೆಗೆ ತೂಕ ಬರುವುದು ಇಲ್ಲಿಯೇ.

ಒಂದು ಕೋಲು, ಒಂದು ಬೋಗುಣಿ

ತಿಳಿವಳಿಕೆಯು ಅಳತೆಯಿಂದ ಪ್ರಾರಂಭವಾಗುತ್ತದೆ. ವಾಚಕ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಒಂದು ಪ್ರಯೋಗವನ್ನು ಹೇಳಿ ಮುಗಿಸುತ್ತೇನೆ. ಮಳೆಗಾಲ ಕಳೆದ ಮೇಲೆ, ಊರಿನ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಕೆರೆಯ ಅಂಚಿನ ತೆಳುನೀರಿನಲ್ಲಿ ಮಿಲಿಮೀಟರ್ ಗುರುತುಗಳುಳ್ಳ ಒಂದು ಕೋಲನ್ನು ನೆಡಿರಿ. ಆಳವಾದ ಕೆಸರಿಗೆ ಇಳಿಯಬೇಡಿ. ದಡದಲ್ಲಿ ಅಗಲವಾದ ಒಂದು ಬೋಗುಣಿಯಲ್ಲಿ ನೀರು ತುಂಬಿಡಿರಿ. ದನಗಳೂ ಹಕ್ಕಿಗಳೂ ಕುಡಿಯದಂತೆ ಮೇಲೆ ಬಲೆ ಹಾಕಿರಿ. ಪ್ರತಿ ಮುಂಜಾನೆ ಒಂದೇ ಹೊತ್ತಿಗೆ ಎರಡರ ಮಟ್ಟವನ್ನೂ ಬರೆದುಕೊಳ್ಳಿರಿ. ಬೋಗುಣಿಯು ಬದಿಗಳಿಂದಲೂ ಕಾಯುವುದರಿಂದ ಅದರಲ್ಲಿನ ಇಳಿತವು ಕೆರೆಯ ಆವಿಗಿಂತ ಹೆಚ್ಚಿರುತ್ತದೆ, ಅದನ್ನು 0.7ರಿಂದ ಗುಣಿಸಿದರೆ ಕೆರೆಯ ಆವಿಯ ಅಂದಾಜು ಸಿಕ್ಕುತ್ತದೆ. ಬೋಗುಣಿಯಲ್ಲಿ 8 ಮಿಲಿಮೀಟರ್ ಇಳಿದು ಕೆರೆಯಲ್ಲಿ 9 ಮಿಲಿಮೀಟರ್ ಇಳಿದಿದ್ದರೆ, 8ನ್ನು 0.7ರಿಂದ ಗುಣಿಸಿದ 5.6 ಆವಿಯ ಪಾಲು, ಉಳಿದ 3.4 ಮಿಲಿಮೀಟರ್ ಇಂಗುವಿಕೆ ಮತ್ತು ಬಳಕೆಗಳ ಪಾಲು. ತೂಬು ಮುಚ್ಚಿದ, ಯಾರೂ ನೀರೆತ್ತದ ದಿನದ ಅಳತೆಯಿಂದ ಇಂಗುವಿಕೆಯೊಂದನ್ನೇ ಬೇರ್ಪಡಿಸಬಹುದು. ನಿಮ್ಮ ಊರಿನ ಬಾವಿಗಳಿಗೆ ಕೆರೆಯು ಕೊಡುವ ದಾನವೆಷ್ಟೆಂಬುದು ಆಗ ತಿಳಿಯುತ್ತದೆ.

ಆ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ ಇಷ್ಟು: “ಏರಿಯ ಬುಡದ ಜೇಡಿಯನ್ನು ತೆಗೆಸಿರಿ, ಹಿಂಭಾಗದ ತೆಳುನೀರಿನ ಅಂಗಳವನ್ನು ಹಾಗೆಯೇ ಬಿಡಿರಿ, ನೀರು ಬರುವ ಹಳ್ಳಗಳನ್ನು ತೆರೆದಿಡಿರಿ. ಒಣಗುವುದಕ್ಕೆ ಅಂಜಬೇಡಿರಿ, ತುಂಬದಿರುವುದಕ್ಕೆ ಅಂಜಿರಿ.” ಅವನು ಊರಿಗೆ ಹೋಗುವಾಗ ಪ್ರಯೋಗಶಾಲೆಯಿಂದ ಒಂದು ಹಳೆಯ ಅಳತೆಪಟ್ಟಿಯನ್ನು ಕೇಳಿ ಪಡೆದನು. ಕೆರೆಯಲ್ಲಿ ಕೋಲು ನೆಟ್ಟಿದ್ದಾನೆ; ಊರಿನ ಎರಡು ಪಕ್ಷದವರೂ ಮುಂಜಾನೆ ಅಲ್ಲಿಗೆ ಬಂದು, ಇಂದು ಎಷ್ಟು ಇಳಿಯಿತೆಂದು ಅವನನ್ನು ಕೇಳುತ್ತಿದ್ದಾರಂತೆ.